ಆರು ತುಂಬುವ ಮೊದಲು: ನಾಲ್ಕು ರೇಷನ್ ಕಾರ್ಡುಗಳ ಒಂದು ಪ್ರಕರಣ

ಇದು ನಾಲ್ಕು ಜನರ ಒಂದು ಮನೆಯ ಕಥೆ. ಬೆಲ್ಜಿಯಂನ ಆಂಟ್‌ವರ್ಪ್ ಬಿಟ್ಟು, ಫ್ರಾನ್ಸ್‌ನಲ್ಲಿ ಮೂರು ವರ್ಷ ಕಳೆದು, 1943ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡ್ ಸೇರಿದ ಯಹೂದಿ ಕುಟುಂಬ. ಹೆಸರು ಹೇಳುವುದಿಲ್ಲ. ಅಪ್ಪ, ಅಮ್ಮ, ಅಕ್ಕ, ತಮ್ಮ ಅಂತಲೇ ಕರೆಯುತ್ತೇನೆ. ಗುರುತು ಸಿಗಬಾರದೆಂದು ಕಸುಬು, ತಾರೀಖಿನಂಥ ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ಇದೇ ದಾರಿಯಲ್ಲಿ ಹೋದ ಬೇರೆ ಮನೆಗಳವರ ಅನುಭವದಿಂದಲೂ ಒಂದಷ್ಟು ಸೇರಿಸಿದ್ದೇನೆ. ಕಾನೂನು, ರೇಷನ್ ನಿಯಮ, ಜಾಗಗಳು ಮಾತ್ರ ಇದ್ದದ್ದು ಇದ್ದಹಾಗೆ.

ಇಂಥ ಕಥೆ ಓದುವಾಗ ನಮ್ಮ ಕಣ್ಣು ಗಡಿಯ ಮುಳ್ಳುತಂತಿಯ ಕಡೆಗೇ ಓಡುತ್ತದೆ. ನಾನು ನೋಡಬೇಕೆಂದಿರುವುದು ಅದಕ್ಕಿಂತ ಮೊದಲಿನ ಮೂರು ವರ್ಷ. ಆಗ ಪ್ರತಿ ತಿಂಗಳೂ ಒಂದು ಕೌಂಟರ್ ಮುಂದೆ ನಿಂತು ಬ್ರೆಡ್ಡಿನ ಕೂಪನ್ ಪಡೆಯಬೇಕಿತ್ತು. ಕೂಪನ್ ಸಿಕ್ಕರೆ ಊಟ. ಅದು ಸಿಗಬೇಕಾದರೆ ಹೆಸರು, ಹುಟ್ಟಿದ ಊರು, ಇರುವ ಮನೆ ಎಲ್ಲ ಬರೆಸಬೇಕು. ಈ ಕುಟುಂಬದ ದೊಡ್ಡ ತೀರ್ಮಾನಗಳೆಲ್ಲ ಸುತ್ತಿಬಳಸಿ ಆ ಕೌಂಟರಿಗೇ ಬಂದು ನಿಲ್ಲುತ್ತವೆ.

ನಮಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಭಾರತದ ರೇಷನ್ ಪದ್ಧತಿ ಹುಟ್ಟಿದ್ದೂ ಅದೇ ಯುದ್ಧದ ದಿನಗಳಲ್ಲಿ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ರೇಷನ್ ಕಾರ್ಡ್ ಅಂದರೆ ಅಕ್ಕಿಯ ಜೊತೆಗೆ ವಿಳಾಸದ ಪುರಾವೆ ಕೂಡ. ಆ ಪುರಾವೆಯೇ ಪೊಲೀಸರಿಗೆ ಮನೆ ಬಾಗಿಲು ತೋರಿಸಿದರೆ ಏನಾಗುತ್ತದೆ ಅಂತ ಯೋಚಿಸಿಕೊಂಡು ಮುಂದೆ ಓದಿ.

ಹಿನ್ನೆಲೆ

ಅಪ್ಪ ಅಮ್ಮ ಇಬ್ಬರೂ ಪೋಲೆಂಡ್‌ನಲ್ಲಿ ಹುಟ್ಟಿದವರು. ಅಪ್ಪ ದರ್ಜಿ. ಮಕ್ಕಳು ಹುಟ್ಟಿದ್ದು ಆಂಟ್‌ವರ್ಪ್‌ನಲ್ಲಿ. ಮನೆಯಲ್ಲಿ ಪೂರ್ವ ಯುರೋಪಿನ ಯಹೂದಿಗಳ ನುಡಿಯಾದ ಯಿಡ್ಡಿಷ್, ಬೀದಿಯಲ್ಲಿ ಅಲ್ಲಿಯ ನುಡಿ ಫ್ಲೆಮಿಶ್. 1940ರ ಮೇ 10ರಂದು ಜರ್ಮನ್ ಸೇನೆ ಬೆಲ್ಜಿಯಂಗೆ ನುಗ್ಗಿತು. ಲಕ್ಷಾಂತರ ಜನ ದಕ್ಷಿಣಕ್ಕೆ ಓಡಿದರು. ಇವರೂ ಸಿಕ್ಕ ರೈಲು ಹತ್ತಿದರು. ಅಕ್ಕನಿಗೆ ಒಂಬತ್ತು ವರ್ಷ, ತಮ್ಮನಿಗೆ ಮೂರು ತುಂಬುತ್ತಿತ್ತು.

ಅವರು ಬಂದಿಳಿದದ್ದು ಮೆಡಿಟರೇನಿಯನ್ ಕಡಲ ಹತ್ತಿರದ ಎರೋ ಜಿಲ್ಲೆಯ ಒಂದು ಹಳ್ಳಿಗೆ. ಜೂನ್ 22ರ ಕದನವಿರಾಮದ ನಂತರ ಫ್ರಾನ್ಸ್ ಎರಡು ಹೋಳಾಯಿತು. ಉತ್ತರ ಜರ್ಮನ್ನರ ಕೈಗೆ ಹೋಯಿತು. ದಕ್ಷಿಣದಲ್ಲಿ ಮಾರ್ಷಲ್ ಪೆತಾಂ ಅವರ ವಿಶಿ ಸರ್ಕಾರ, ಅಂದರೆ ವಿಶಿ ಅನ್ನುವ ಊರಿನಿಂದ ಆಳುತ್ತಿದ್ದ ಫ್ರೆಂಚರದೇ ಸರ್ಕಾರ. ಹಳ್ಳಿ ದಕ್ಷಿಣದಲ್ಲಿತ್ತು, ಹಾಗಾಗಿ ಬದುಕಿಕೊಂಡೆವು ಅಂತ ಅಪ್ಪ ಅಂದುಕೊಂಡರು.

ಹಸಿವು ಶುರುವಾದದ್ದು ಅಲ್ಲೇ. ಎರೋ ಅಂದರೆ ದ್ರಾಕ್ಷಿತೋಟಗಳ ನಾಡು. ಕಣ್ಣು ಹಾಯಿಸಿದಷ್ಟು ದೂರ ದ್ರಾಕ್ಷಿ ಬಳ್ಳಿ. ಗೋಧಿ ಇಲ್ಲ, ಆಲೂಗಡ್ಡೆ ಇಲ್ಲ, ದನಕರು ತೀರಾ ಕಡಿಮೆ. ಮೊದಲೆಲ್ಲ ವೈನ್ ಮಾರಿ ಹೊರಗಿನಿಂದ ಊಟ ತರಿಸಿಕೊಳ್ಳುತ್ತಿದ್ದ ಜಿಲ್ಲೆ ಅದು. ಸಾಗಾಟ ನಿಂತಿತು, ಜರ್ಮನ್ನರು ಫ್ರಾನ್ಸ್‌ನ ಬೆಳೆಯಲ್ಲಿ ದೊಡ್ಡ ಪಾಲು ಎತ್ತಿಕೊಂಡು ಹೋಗತೊಡಗಿದರು. ಹಳ್ಳಿಯವರ ತಟ್ಟೆಯೇ ಖಾಲಿಯಾಯಿತು. ನಿರಾಶ್ರಿತರ ಪಾಡನ್ನು ಹೇಳುವುದೇ ಬೇಡ.

1940ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರೆಡ್, ಸಕ್ಕರೆ, ಮಾಂಸ ಎಲ್ಲಕ್ಕೂ ರೇಷನ್ ಬಂತು. ವಯಸ್ಸಿನ ಪ್ರಕಾರ ಜನರನ್ನು ಗುಂಪು ಮಾಡಿದರು. ಮೂರು ವರ್ಷದೊಳಗಿನ ಮಗು 'ಇ' ಗುಂಪು. ಮೂರರಿಂದ ಆರು 'ಜೆ1'. ಆಮೇಲೆ 'ಜೆ2', ಹದಿಮೂರು ದಾಟಿದರೆ 'ಜೆ3'. ದೊಡ್ಡವರು 'ಎ', ಮೈಮುರಿದು ದುಡಿಯುವವರು 'ಟಿ'. 'ಎ' ಕಾರ್ಡಿನವರಿಗೆ ಮೊದಲು ದಿನಕ್ಕೆ 350 ಗ್ರಾಂ ಬ್ರೆಡ್ ಇತ್ತು. ಮರುವರ್ಷ ಅದು 275 ಗ್ರಾಂಗೆ ಇಳಿಯಿತು. ಕಾರ್ಡಿನ ಮೇಲೆ ಸಿಗುವುದೆಲ್ಲ ಸೇರಿಸಿದರೂ ದೊಡ್ಡವರಿಗೆ ದಿನಕ್ಕೆ ಸುಮಾರು 1,200 ಕ್ಯಾಲರಿ. ಮೊದಲು ದನಕ್ಕೆ ಹಾಕುತ್ತಿದ್ದ ರುತಬಾಗ ಗೆಡ್ಡೆ ಜನರ ಊಟವಾಯಿತು. ಹುರಿದ ಬಾರ್ಲಿ, ಚಿಕೋರಿಯ ಪುಡಿಗೆ ಕಾಫಿ ಅಂತ ಹೆಸರು ಬಂತು.

ಈ ಮನೆಯಲ್ಲಿ ಬೆಲೆಬಾಳುವ ಕಾರ್ಡ್ ಅಂದರೆ ತಮ್ಮನದು. 'ಜೆ1' ಮಗುವಿಗೆ ಹಾಲು ಸಿಗುತ್ತಿತ್ತು. ಆ ಕಾರ್ಡನ್ನು ಅಮ್ಮ ಯಾರ ಕೈಗೂ ಕೊಡುತ್ತಿರಲಿಲ್ಲ. ರವಿಕೆಯೊಳಗೆ ಇಟ್ಟುಕೊಂಡೇ ಓಡಾಡುತ್ತಿದ್ದರು.

ಸಮಸ್ಯೆ ಬೆಳೆದ ಬಗೆ

ಕಾರ್ಡ್ ಕೊಡುತ್ತಿದ್ದದ್ದು ಊರಿನ ಪುರಸಭೆ. ಫ್ರೆಂಚರು ಅದಕ್ಕೆ ಮೇರಿ ಅನ್ನುತ್ತಾರೆ. ಕಾರ್ಡ್ ಒಮ್ಮೆ ಸಿಕ್ಕರೆ ಮುಗಿಯಲಿಲ್ಲ. ಪ್ರತಿ ತಿಂಗಳೂ ಹೊಸ ಕೂಪನ್ ಹಾಳೆಗೆ ಅಲ್ಲಿಗೇ ಹೋಗಬೇಕು. ಊರು ಬಿಡುವುದಾದರೆ ಹಳೆಯ ಮೇರಿಯಲ್ಲಿ ಹೆಸರು ತೆಗೆಸಿ ಹೊಸ ಮೇರಿಯಲ್ಲಿ ಬರೆಸಬೇಕು. ಅಂದರೆ ಯಾರು ಎಲ್ಲಿದ್ದಾರೆ ಅನ್ನುವುದು ಸರ್ಕಾರಕ್ಕೆ ತಿಂಗಳು ತಿಂಗಳೂ ತಿಳಿಯುತ್ತಲೇ ಇತ್ತು. ಹಳ್ಳಿಯ ಗುಮಾಸ್ತೆ ಮಧ್ಯವಯಸ್ಸಿನ ಹೆಂಗಸು. ನಿರಾಶ್ರಿತರ ಕಾರ್ಡುಗಳನ್ನು ಬೇರೆಯೇ ಒಂದು ಮರದ ಡ್ರಾಯರಿನಲ್ಲಿ ಇಡುತ್ತಿದ್ದರು. ಅದನ್ನು ಎಳೆದಾಗ ಆಗುತ್ತಿದ್ದ ಕಿರ್ರೆನ್ನುವ ಸದ್ದು ಅಕ್ಕನಿಗೆ ಮುದುಕಿಯಾದ ಮೇಲೂ ನೆನಪಿತ್ತು.

1940ರ ಅಕ್ಟೋಬರ್ 3ರಂದು ವಿಶಿ ಸರ್ಕಾರ ಯಹೂದಿಗಳನ್ನು ಸರ್ಕಾರಿ ಕೆಲಸ ಮತ್ತು ಹಲವು ವೃತ್ತಿಗಳಿಂದ ದೂರವಿಡುವ ಕಾನೂನು ತಂದಿತು. ಮರುದಿನದ ಇನ್ನೊಂದು ಕಾನೂನು ವಿದೇಶಿ ಯಹೂದಿಗಳನ್ನು ಶಿಬಿರಕ್ಕೆ ಹಾಕುವ ಅಧಿಕಾರವನ್ನು ಜಿಲ್ಲಾಧಿಕಾರಿಗಳಿಗೆ ಕೊಟ್ಟಿತು. 1941ರ ಜೂನ್ 2ರ ಕಾನೂನು ಯಹೂದಿಗಳೆಲ್ಲ ತಾವಾಗಿಯೇ ಬಂದು ಹೆಸರು ಬರೆಸಬೇಕು ಅಂದಿತು.

ಇದು ಮೊದಲ ತೀರ್ಮಾನದ ಗಳಿಗೆ. ಅಮ್ಮನಿಗೆ ಬರೆಸುವುದು ಇಷ್ಟವಿರಲಿಲ್ಲ. ಅಪ್ಪ ಹೋಗಿ ನಾಲ್ಕೂ ಜನರ ಹೆಸರು ಬರೆಸಿ ಬಂದರು. ಅವರ ಲೆಕ್ಕ ಹೀಗಿತ್ತು: ಡ್ರಾಯರಿನಲ್ಲಿ ಈಗಾಗಲೇ ನಮ್ಮ ಹೆಸರು, ಹುಟ್ಟಿದ ಊರು ಎಲ್ಲ ಇದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಜೈಲು. ಜೈಲಿಗೆ ಹೋದರೆ ಮಕ್ಕಳ ಕಾರ್ಡ್ ತರುವವರು ಯಾರು? ಇದನ್ನು ಈಗ ಓದಿ "ಅಯ್ಯೋ, ಯಾಕೆ ಬರೆಸಿದರು" ಅನ್ನುವುದು ಸುಲಭ. ಫ್ರಾನ್ಸ್‌ನಲ್ಲಿದ್ದ ಯಹೂದಿಗಳಲ್ಲಿ ಬಹುಪಾಲು ಜನ ಹಾಗೇ ಮಾಡಿದರು. ಕಾನೂನು ಪಾಲಿಸಿದವರಿಗೆ ಕೇಡಾಗುವುದಿಲ್ಲ ಅನ್ನುವ ನಂಬಿಕೆಯಲ್ಲೇ ಅವರು ಬೆಳೆದಿದ್ದರು. ನಾನು ಅಪ್ಪನನ್ನು ದೂರಲಾರೆ.

ಕೆಲವೇ ದಿನಗಳಲ್ಲಿ ಅಪ್ಪನನ್ನು ವಿದೇಶಿ ಕಾರ್ಮಿಕರ ಗುಂಪಿಗೆ ಸೇರಿಸಿ ಮರ ಕಡಿಯಲು ಕಳಿಸಿದರು. ಇನ್ನೊಂದು ವರ್ಷ ಕಳೆಯಿತು. 1942ರ ಬೇಸಿಗೆಯಲ್ಲಿ ವಿಶಿ ಸರ್ಕಾರ ತನ್ನ ಭಾಗದ ವಿದೇಶಿ ಯಹೂದಿಗಳನ್ನು ಜರ್ಮನ್ನರಿಗೆ ಒಪ್ಪಿಸಲು ಒಪ್ಪಿತು. 1936ರ ಜನವರಿ 1ರ ನಂತರ ಫ್ರಾನ್ಸ್‌ಗೆ ಬಂದವರ ಪಟ್ಟಿ ತಯಾರಾಯಿತು. ಗಣತಿಯ ಹಾಳೆಗಳು ಇದ್ದೇ ಇದ್ದವಲ್ಲ. ಆಗಸ್ಟ್ 26ರ ಬೆಳಗಿನ ಜಾವ ದಕ್ಷಿಣ ಭಾಗದಾದ್ಯಂತ ದಾಳಿ ನಡೆಯಿತು.

ಆಗಸ್ಟ್ 25ರ ಸಂಜೆ

ಈ ಮನೆ ಉಳಿದದ್ದು ಇಬ್ಬರ ಮಾತಿನಿಂದ. ಎರಡೂ ಮಾತು ಊಟದ ದಾರಿಯಲ್ಲೇ ಬಂದವು.

ಮೊದಲನೆಯದು ಮೇರಿಯ ಗುಮಾಸ್ತೆಯದು. ಅಂದು ಮಧ್ಯಾಹ್ನ ಆಕೆ ಅಮ್ಮನನ್ನು ಕರೆಸಿ ಸೆಪ್ಟೆಂಬರ್ ತಿಂಗಳ ಕೂಪನ್ ಹಾಳೆಗಳನ್ನು ಮುಂಗಡವಾಗಿ ಕೈಗಿಟ್ಟರು. "ಮದಾಮ್, ಮಕ್ಕಳನ್ನು ಕರೆದುಕೊಂಡು ಇವತ್ತು ರಾತ್ರಿ ಬೇರೆ ಎಲ್ಲಾದರೂ ಮಲಗಿ" ಅಂದರು. ಅಷ್ಟೇ. ಎರಡು ವರ್ಷ ಇವರ ಹೆಸರನ್ನು ಅಚ್ಚುಕಟ್ಟಾಗಿ ಬರೆದಿಟ್ಟವರೂ ಆಕೆಯೇ.

ಎರಡನೆಯದು ಅಪ್ಪನ ಶಿಬಿರದಲ್ಲಿ. ಅಡುಗೆಯವನು ಅಪ್ಪನ ಹತ್ತಿರ ಕೋಟು ಹೊಲಿಸಿಕೊಂಡಿದ್ದ. ಸಂಜೆ ಸೂಪ್ ಹಾಕುವಾಗ ತಗ್ಗಿದ ದನಿಯಲ್ಲಿ ಹೇಳಿದ: "ನಾಳೆಗೆ ಮೂವತ್ತು ಜನಕ್ಕೆ ದಾರಿಬುತ್ತಿ ಕಟ್ಟು ಅಂದಿದ್ದಾರೆ. ಎಲ್ಲ ಯಹೂದಿಗಳ ಲೆಕ್ಕ." ಎಲ್ಲಿಗೆ ಅಂತ ಅವನಿಗೂ ಗೊತ್ತಿರಲಿಲ್ಲ. ಅಪ್ಪ ಆ ರಾತ್ರಿಯೇ ಕಾಡಿಗೆ ಇಳಿದರು.

ಎರೋದಲ್ಲಿ ಹಿಡಿದವರನ್ನು ಆಗ್ದ್ ಶಿಬಿರದ ಮೂಲಕ ರಿವ್‌ಸಾಲ್ತ್ ಶಿಬಿರಕ್ಕೆ ಒಯ್ದರು. ಅಲ್ಲಿಂದ ಪ್ಯಾರಿಸ್ ಹತ್ತಿರದ ದ್ರಾನ್ಸಿ ಶಿಬಿರಕ್ಕೆ, ದ್ರಾನ್ಸಿಯಿಂದ ಜರ್ಮನ್ನರ ಸಾವಿನ ಶಿಬಿರವಾದ ಆಶ್‌ವಿಟ್ಜ್‌ಗೆ. ಆ ಬೇಸಿಗೆ ಮತ್ತು ಶರತ್ಕಾಲದಲ್ಲಿ ವಿಶಿ ಸರ್ಕಾರ ತನ್ನ ಭಾಗದಿಂದ ಒಪ್ಪಿಸಿದವರ ಸಂಖ್ಯೆ 10,000 ದಾಟುತ್ತದೆ. ಯುದ್ಧ ಮುಗಿಯುವಷ್ಟರಲ್ಲಿ ಇಡೀ ಫ್ರಾನ್ಸ್‌ನಿಂದ ಸುಮಾರು 75,000 ಯಹೂದಿಗಳನ್ನು ಸಾಗಿಸಲಾಗಿತ್ತು. ತಿರುಗಿ ಬಂದವರು ತೀರಾ ಕಡಿಮೆ.

ಏನೇನು ಮಾಡಿ ನೋಡಿದರು

ಹತ್ತು ದಿನ ದ್ರಾಕ್ಷಿತೋಟದ ಗುಡಿಸಲಿನಲ್ಲಿ ಅಡಗಿದ್ದು, ನೆರವು ಸಂಘವೊಂದರ ಹುಡುಗಿಯ ಜೊತೆ ನಾಲ್ವರೂ ಉತ್ತರದ ಬೆಟ್ಟಕ್ಕೆ ಹೊರಟರು. ಪುಟ್ಟ ಮೀಟರ್‌ಗೇಜ್ ರೈಲು, ಸುತ್ತಿ ಸುತ್ತಿ ಏರುವ ದಾರಿ. ತಲುಪಿದ್ದು ಸುಮಾರು 1,000 ಮೀಟರ್ ಎತ್ತರದ ಲ ಶಾಂಬೋಂ ಸುತ್ತಿನ ಹಳ್ಳಿಗಳಿಗೆ. ಅಲ್ಲಿಯ ರೈತರಲ್ಲಿ ಬಹಳಷ್ಟು ಜನ ಪ್ರೊಟೆಸ್ಟೆಂಟರು. ಅವರ ಹಿರಿಯರೇ ಒಂದು ಕಾಲಕ್ಕೆ ಕ್ಯಾಥೊಲಿಕ್ ರಾಜನ ಸೈನಿಕರಿಗೆ ಹೆದರಿ ಅಡಗಿ ಬಾಳಿದವರು. ಪಾದ್ರಿ ಆಂದ್ರೆ ಟ್ರೊಕ್ಮೆ ಮತ್ತು ಅವರ ಹೆಂಡತಿ ಮಗ್ದಾ ಬಂದವರಿಗೆಲ್ಲ ಬಾಗಿಲು ತೆರೆದಿದ್ದರು. ಆಗಸ್ಟ್ ಕೊನೆಯಲ್ಲಿ ಪೊಲೀಸರು ಅಲ್ಲಿಗೂ ಬಸ್ಸು ತಂದಿದ್ದರು. ಊರವರು ಜನರನ್ನು ಕಾಡಿಗೆ, ಹೊಲಗಳಿಗೆ ಚದುರಿಸಿದ್ದರು. ಬಸ್ಸುಗಳು ಬಹುತೇಕ ಖಾಲಿಯೇ ಮರಳಿದವು.

ಒಂದು ರೈತರ ಮನೆಯ ಅಟ್ಟದಲ್ಲಿ ಜಾಗ ಸಿಕ್ಕಿತು. ಇಲ್ಲಿ ಹಾಲಿತ್ತು, ಆಲೂಗಡ್ಡೆ ಇತ್ತು, ರೈ ಬ್ರೆಡ್ ಇತ್ತು. ಮೊದಲ ವಾರ ಅಕ್ಕ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ತಿನ್ನುತ್ತಿದ್ದಳಂತೆ. ಆದರೆ ಗುಮಾಸ್ತೆ ಕೊಟ್ಟ ಸೆಪ್ಟೆಂಬರ್ ಹಾಳೆಗಳು ತೀರಿದವು. ಅಕ್ಟೋಬರ್ ಹಾಳೆ ಬೇಕಾದರೆ ಎರೋದಲ್ಲಿ ಹೆಸರು ತೆಗೆಸಿದ ಕಾಗದ ಬೇಕು. ಅದನ್ನು ಕೇಳುವುದೂ ಒಂದೇ, ಪೊಲೀಸರಿಗೆ ಹೊಸ ವಿಳಾಸ ಬರೆದು ಕಳಿಸುವುದೂ ಒಂದೇ.

ಮೊದಲು ಕಾರ್ಡಿಲ್ಲದೆ ಬದುಕಲು ನೋಡಿದರು. ಅಪ್ಪ ರೈತರ ಹಳೆ ಕೋಟುಗಳನ್ನು ಒಳಗು ಹೊರಗು ತಿರುಗಿಸಿ ಹೊಸದರಂತೆ ಹೊಲಿದುಕೊಟ್ಟರು. ಕೋಟಿಗೆ ಹನ್ನೆರಡು ಮೊಟ್ಟೆ, ಪ್ಯಾಂಟಿಗೆ ಒಂದು ಬುಟ್ಟಿ ಆಲೂಗಡ್ಡೆ. ಅಮ್ಮನ ಉಂಗುರ ಬೆಣ್ಣೆಗೆ ಹೋಯಿತು. ಎರಡು ತಿಂಗಳು ಹೀಗೆ ನಡೆಯಿತು. ಆಮೇಲೆ ಚಳಿಗಾಲ ಬಂತು. ಮನೆಯಜಮಾನತಿ ತಮ್ಮ ಪಾಲಿನ ಬ್ರೆಡ್ಡಿನಲ್ಲೇ ಇವರಿಗೂ ಕೊಯ್ದು ಕೊಡುತ್ತಿರುವುದನ್ನು ಅಮ್ಮ ಕಣ್ಣಾರೆ ಕಂಡರು. ಆ ಮನೆಯಲ್ಲೂ ಮೂರು ಮಕ್ಕಳು. ಹೊಲದಲ್ಲಿ ಏನೇ ಬೆಳೆದರೂ ಸಕ್ಕರೆ, ಎಣ್ಣೆ, ಸೋಪು, ಚಪ್ಪಲಿ ಇವಕ್ಕೆಲ್ಲ ಕೂಪನ್ ಬೇಕೇ ಬೇಕು. ಅಡಗಿಸಿಟ್ಟವರ ಮನೆಯಲ್ಲಿ ಊಟ ಹಂಚುವುದು ತಿಂಗಳುಗಟ್ಟಲೆ ನಡೆಯುವಂಥದ್ದಲ್ಲ. ಅಂಗಡಿಯವನಿಗೂ ಅನುಮಾನ ಬರುತ್ತದೆ.

ಅಷ್ಟರಲ್ಲಿ ನವೆಂಬರ್ 11ರಂದು ಜರ್ಮನ್ ಸೇನೆ ದಕ್ಷಿಣಕ್ಕೂ ಬಂತು. ಡಿಸೆಂಬರ್ 11ರಂದು ವಿಶಿ ಸರ್ಕಾರ ಇನ್ನೊಂದು ಕಾನೂನು ಮಾಡಿತು. ಯಹೂದಿಗಳೆಲ್ಲ ತಮ್ಮ ಗುರುತಿನ ಚೀಟಿಯ ಮೇಲೂ ರೇಷನ್ ಕಾರ್ಡಿನ ಮೇಲೂ 'ಯಹೂದಿ' ಅನ್ನುವ ಠಸ್ಸೆ ಒತ್ತಿಸಿಕೊಳ್ಳಬೇಕು. ಇನ್ನು ಮೇಲೆ ಬ್ರೆಡ್ ಅಂಗಡಿಯ ಕ್ಯೂನಲ್ಲಿ ನಿಂತ ಪ್ರತಿಯೊಬ್ಬರಿಗೂ ಇವರು ಯಾರೆಂದು ಗೊತ್ತಾಗಬೇಕು.

ಇದು ಎರಡನೆಯ ದೊಡ್ಡ ತೀರ್ಮಾನ. ಠಸ್ಸೆ ಹಾಕಿಸಿಕೊಂಡರೆ ಕೂಪನ್ ಸಿಗಬಹುದು, ಆದರೆ ಹೆಸರು ಮತ್ತೆ ಪಟ್ಟಿಗೆ. ಹಾಕಿಸಿಕೊಳ್ಳದಿದ್ದರೆ ಸುಳ್ಳು ಕಾರ್ಡೇ ಗತಿ. ಈ ಸಲ ಅಪ್ಪ ಅಮ್ಮನ ಮಾತು ಕೇಳಿದರು. ಹಳೆಯ ನಾಲ್ಕು ಕಾರ್ಡುಗಳನ್ನು ಒಲೆಗೆ ಹಾಕಿದರು. ಮಕ್ಕಳ ಜನನಪತ್ರಗಳನ್ನು ಮಾತ್ರ ಸುಡಲು ಅಮ್ಮ ಬಿಡಲಿಲ್ಲ. ಅವನ್ನು ತನ್ನ ಕೋಟಿನ ಅಸ್ತರಿನೊಳಗೆ ಸೇರಿಸಿ ಹೊಲಿಸಿಕೊಂಡರು. ಆ ಹೊಲಿಗೆಯ ಬೆಲೆ ಐದು ತಿಂಗಳ ನಂತರ ಗೊತ್ತಾಗಲಿತ್ತು.

ಆ ಬೆಟ್ಟದಲ್ಲಿ ಸುಳ್ಳು ಕಾಗದ ಮಾಡುವವರು ಇದ್ದರು. ಅವರಲ್ಲಿ ಮುಂದೆ ಹೆಸರಾದ ಆಸ್ಕರ್ ರೊಸೊವ್‌ಸ್ಕಿ ತಾನೂ ಯಹೂದಿ ನಿರಾಶ್ರಿತ. ಆಗ ಅವನಿಗೆ ಇಪ್ಪತ್ತೂ ತುಂಬಿರಲಿಲ್ಲ. ಠಸ್ಸೆ, ಶಾಯಿಗಳನ್ನು ಜೇನುಪೆಟ್ಟಿಗೆಯೊಳಗೆ ಅಡಗಿಸುತ್ತಿದ್ದ. ಇವರ ಕಾರ್ಡ್ ಮಾಡಿದವರು ಯಾರೋ, ಇವರು ಮುಖ ನೋಡಲಿಲ್ಲ. ಹಾಗೆ ನೋಡದಿರುವುದೇ ಇಬ್ಬರಿಗೂ ಒಳ್ಳೆಯದಿತ್ತು.

ಹೊಸ ಹೆಸರಿನ ಮೊದಲಕ್ಷರ ಹಳೆಯದೇ. ಬಟ್ಟೆ, ಪೆಟ್ಟಿಗೆಯ ಮೇಲೆ ಗುರುತಿದ್ದರೆ ಸಿಕ್ಕಿಬೀಳಬಾರದಲ್ಲ. ಹುಟ್ಟಿದ ದಿನವೂ ಹಳೆಯದೇ, ಯಾಕೆಂದರೆ ಮಕ್ಕಳಿಗೆ ಹೊಸ ಹುಟ್ಟುಹಬ್ಬ ಕಲಿಸುವುದು ಕಷ್ಟ. ಹುಟ್ಟಿದ ಜಾಗ ಮಾತ್ರ ಬದಲು. ಜರ್ಮನಿಯ ಗಡಿಯಲ್ಲಿರುವ ಫ್ರಾನ್ಸ್‌ನ ಅಲ್ಸೇಸ್. ಅಲ್ಲಿಯ ಜನ ಮನೆಯಲ್ಲಿ ಜರ್ಮನ್ ಬಗೆಯ ನುಡಿ ಆಡುತ್ತಾರೆ, ಹಾಗಾಗಿ ಫ್ರೆಂಚ್ ಉಚ್ಚಾರಣೆ ತಪ್ಪಿದರೂ ಯಾರೂ ಹುಬ್ಬೇರಿಸುವುದಿಲ್ಲ. ಜರ್ಮನಿ ಅಲ್ಸೇಸನ್ನು ನುಂಗಿಕೊಂಡಿದ್ದರಿಂದ ಅಲ್ಲಿಗೆ ಪತ್ರ ಬರೆದು ದಾಖಲೆ ತಾಳೆ ನೋಡುವುದೂ ಸುಲಭವಿರಲಿಲ್ಲ.

ಕಾರ್ಡುಗಳು ಬಂದ ರಾತ್ರಿ ಅಪ್ಪ ಅವನ್ನು ನೋಡಿ ಬೆವೆತರು. ನಾಲ್ಕೂ ಹೊಚ್ಚಹೊಸವು. ಎರಡು ವರ್ಷದಿಂದ ತಿಂಗಳು ತಿಂಗಳೂ ಕೈಬದಲಾದ ಕಾರ್ಡ್ ಹೀಗಿರುತ್ತದೆಯೇ? ಅಮ್ಮ ಅವನ್ನು ಮಡಚಿ, ಬಿಚ್ಚಿ, ಹಿಟ್ಟು ಮೆತ್ತಿದ ಕೈಯಲ್ಲಿ ಉಜ್ಜಿದರು. ಅಕ್ಕ ತನ್ನದನ್ನು ಎರಡು ರಾತ್ರಿ ದಿಂಬಿನ ಕೆಳಗಿಟ್ಟು ಮಲಗಿದಳು. ತಮ್ಮನ ಕಾರ್ಡಿಗೆ ಒಂದು ಹನಿ ಹಾಲು ಬಿತ್ತು. ಬೇಕಂತಲೇ.

ಸುಳ್ಳು ಕಾರ್ಡ್ ಮಾಡಿಸಿದರೆ ಕೆಲಸ ಅರ್ಧ ಮುಗಿದಂತೆ. ಪ್ರತಿ ತಿಂಗಳ ಕೂಪನ್ ಹಾಳೆಗೆ ಒಳಗಿನವರೊಬ್ಬರು ಬೇಕು. ಪಕ್ಕದ ಊರಿನ ಮೇರಿಯಲ್ಲಿ ಅಂಥವರು ಒಬ್ಬರಿದ್ದರು. ಇವರ ಹೆಸರನ್ನು ಊರವರ ಹೆಸರುಗಳ ನಡುವೆ ಬರೆದುಕೊಂಡರು, ಏನೂ ಕೇಳಲಿಲ್ಲ.

ಒಂದು ಅಪಾಯದ ಗಳಿಗೆ ಬಂತು. 1943ರ ಫೆಬ್ರವರಿ. ಬ್ರೆಡ್ ಅಂಗಡಿಯಲ್ಲಿ ಹೊರಗಿನ ಇಬ್ಬರು ಪೊಲೀಸರು ನಿಂತಿದ್ದರು. ತಮ್ಮ, ಅಮ್ಮನ ಸೆರಗಿಲ್ಲದ ಕೋಟಿನ ಅಂಚು ಎಳೆದು "ಬ್ರೊಯ್ಟ್" ಅಂದ. ಯಿಡ್ಡಿಷ್‌ನಲ್ಲಿ ಬ್ರೆಡ್. ಪೊಲೀಸ್ ತಿರುಗಿ ನೋಡಿದ. ಅಂಗಡಿಯಾಕೆ ಬ್ರೆಡ್ ತೂಗುತ್ತಲೇ, ತಲೆ ಎತ್ತದೆ, "ಈ ಅಲ್ಸೇಸಿನ ಮಕ್ಕಳು ಫ್ರೆಂಚ್ ಕಲಿಯುವುದು ಯಾವಾಗಲೋ" ಅಂದರು. ಆಕೆಗೆ ನಿಜ ಗೊತ್ತಿತ್ತೇ ಅಂತ ಅಮ್ಮ ಎಂದೂ ಕೇಳಲಿಲ್ಲ.

ಆರು ಅನ್ನುವ ಅಂಕಿ

ಇಲ್ಲೇ ಉಳಿಯುವುದೋ, ಸ್ವಿಟ್ಜರ್ಲೆಂಡ್‌ಗೆ ಹೋಗುವುದೋ? ಈ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ಕಷ್ಟದ ತೀರ್ಮಾನ ಅನ್ನಿಸುವುದು ಇದು.

ಸ್ವಿಟ್ಜರ್ಲೆಂಡ್ 1942ರ ಆಗಸ್ಟ್ 13ರಂದು ಗಡಿ ಮುಚ್ಚಿತ್ತು. ಯಹೂದಿ ಅನ್ನುವ ಕಾರಣಕ್ಕೆ ಓಡಿಬಂದವರನ್ನು ರಾಜಕೀಯ ನಿರಾಶ್ರಿತರೆಂದು ಒಪ್ಪುತ್ತಿರಲಿಲ್ಲ. ಆ ತಿಂಗಳ ಕೊನೆಯಲ್ಲಿ ಅಲ್ಲಿಯ ನ್ಯಾಯಖಾತೆಯ ಸಚಿವ ಎಡ್ವರ್ಡ್ ಫಾನ್ ಸ್ಟೈಗರ್ ತಮ್ಮ ದೇಶವನ್ನು ಈಗಾಗಲೇ ತುಂಬಿದ ಪುಟ್ಟ ಜೀವರಕ್ಷಕ ದೋಣಿಗೆ ಹೋಲಿಸಿದರು. ಜನರ ಪ್ರತಿಭಟನೆಯ ನಂತರ ಕೆಲವರಿಗೆ ವಿನಾಯಿತಿ ಬಂತು: ಕಾಯಿಲೆಯವರು, ಬಸುರಿಯರು, ವಯಸ್ಸಾದವರು, ಒಂಟಿ ಮಕ್ಕಳು, ಮಕ್ಕಳಿರುವ ತಂದೆತಾಯಿ. ಮೊದಲು ಹದಿನಾರು ವರ್ಷದೊಳಗಿನ ಮಗು ಜೊತೆಗಿದ್ದರೆ ಸಾಕಿತ್ತು. 1942ರ ಡಿಸೆಂಬರ್ 29ರ ಸೂಚನೆಯಲ್ಲಿ ಅದನ್ನು ಆರಕ್ಕೆ ಇಳಿಸಿದರು. ಆರು ವರ್ಷದೊಳಗಿನ ಮಗುವಿದ್ದರೆ ಅಪ್ಪ ಅಮ್ಮನನ್ನೂ ಒಳಗೆ ಬಿಡುತ್ತಾರೆ. ಇಲ್ಲದಿದ್ದರೆ ತಂತಿಯಾಚೆಗೆ ವಾಪಸ್.

ತಮ್ಮನಿಗೆ ಆರು ತುಂಬುವುದು ಮೇ ಕೊನೆಯಲ್ಲಿ. ಅದೇ ದಿನ ಅವನ 'ಜೆ1' ಕಾರ್ಡ್ 'ಜೆ2' ಆಗಬೇಕು. ಹಾಲು ಕಡಿಮೆಯಾಗುತ್ತದೆ, ಗಡಿಯೂ ಮುಚ್ಚುತ್ತದೆ.

ಅಮ್ಮ ಜನವರಿಯಲ್ಲೇ ಹೊರಡೋಣ ಅಂದರು. ಅಪ್ಪ ಒಪ್ಪಲಿಲ್ಲ. ಹಿಂದಿನ ಶರತ್ಕಾಲದಲ್ಲಿ ಪರಿಚಯದ ದಂಪತಿ ಗಡಿ ದಾಟಿ, ವಾಪಸ್ ಕಳಿಸಲ್ಪಟ್ಟು, ಫ್ರೆಂಚ್ ಪೊಲೀಸರ ಕೈಗೆ ಸಿಕ್ಕಿದ್ದರು. ಮೇಲಾಗಿ ತಮ್ಮನಿಗೆ ನಾಯಿಕೆಮ್ಮು. ಕೆಮ್ಮುವ ಮಗುವನ್ನು ಎತ್ತಿಕೊಂಡು ಗಸ್ತಿನವರ ಮೂಗಿನ ಕೆಳಗೆ ಹೋಗುವುದು ಹೇಗೆ? ಬೆಟ್ಟದಲ್ಲಿ ಊಟವಿದೆ, ನಂಬುವ ಜನರಿದ್ದಾರೆ. ಅಪ್ಪನ ಮಾತೂ ಸರಿಯೇ.

ಫೆಬ್ರವರಿ 13ರಂದು ಪಾದ್ರಿ ಟ್ರೊಕ್ಮೆಯವರನ್ನು ಪೊಲೀಸರು ಹಿಡಿದುಕೊಂಡು ಹೋದರು. ಸುಮಾರು ಒಂದು ತಿಂಗಳ ನಂತರ ಬಿಟ್ಟರು, ನಿಜ. ಆದರೆ ಕೈ ಅಲ್ಲಿಯವರೆಗೂ ಚಾಚಬಲ್ಲದು ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಏಪ್ರಿಲ್‌ನಲ್ಲಿ ಕೆಮ್ಮು ನಿಂತಿತು. ಆಗ ಅಪ್ಪನೇ ಅಂದರು: "ಇನ್ನು ಇವನ ವಯಸ್ಸನ್ನು ತಡೆದು ನಿಲ್ಲಿಸಲು ನನ್ನಿಂದ ಆಗುವುದಿಲ್ಲ. ಹೊರಡೋಣ."

ಆ ದಿನಗಳಲ್ಲಿ ಹಣ ತೆಗೆದುಕೊಂಡು ಗಡಿ ದಾಟಿಸುವವರೂ ಇದ್ದರು, ಅರ್ಧದಾರಿಯಲ್ಲಿ ಕೈಬಿಡುವವರೂ ಇದ್ದರು. ಇವರನ್ನು ಕರೆದೊಯ್ದವರು ಬಿಡಿಗಾಸು ಕೇಳಲಿಲ್ಲ. ನೆರವು ಸಂಘದವರ ಸೂಚನೆ ಎರಡೇ. ಚೀಲ ಬೇಡ, ಬುತ್ತಿ ಬೇಡ. ಅಲ್ಲಿಯವರು ಮಧ್ಯಾಹ್ನ ಸುತ್ತಾಡಲು ಹೊರಟಂತೆ ಕಾಣಬೇಕು.

ಲಿಯೋಂ, ಆನ್ಸಿ ದಾಟಿ ಆನ್‌ಮಾಸ್ ತಲುಪಿದರು. ಆಗ ಆ ಜಿಲ್ಲೆ ಇಟಲಿಯ ಸೇನೆಯ ಕೈಯಲ್ಲಿತ್ತು. ಯಹೂದಿಗಳನ್ನು ಹಿಡಿದುಕೊಡಲು ಇಟಲಿಯವರಿಗೆ ಮನಸ್ಸಿರಲಿಲ್ಲ. ಅದೂ ಇವರ ಅದೃಷ್ಟ. ರಾತ್ರಿ ಉಳಿದುಕೊಂಡ ಮನೆಯಾಕೆಗೆ ಅಮ್ಮ ಉಳಿದಿದ್ದ ಬ್ರೆಡ್ ಕೂಪನ್‌ಗಳನ್ನೆಲ್ಲ ಕೊಟ್ಟರು. ಸುಳ್ಳು ಕಾರ್ಡುಗ‌ಳನ್ನೂ ಅಲ್ಲೇ ಬಿಟ್ಟರು. ಗಡಿಯವರೆಗೆ ಅಲ್ಸೇಸಿನವರು, ಗಡಿ ದಾಟಿದ ಕ್ಷಣದಿಂದ ಆಂಟ್‌ವರ್ಪ್‌ನ ಯಹೂದಿಗಳು. ಅಕ್ಕನಿಗೆ ಇದನ್ನು ಮೂರು ಸಲ ಹೇಳಿಸಿ ಒಪ್ಪಿಸಿಕೊಂಡರು.

ಪಕ್ಕದ ವಿಲ್-ಲ-ಗ್ರಾಂ ಊರಿನಲ್ಲಿ ಜ್ಯುವೆನಾ ಅನ್ನುವ ಪಾದ್ರಿಗಳ ಶಾಲೆ ಇತ್ತು. ಅದರ ತೋಟದ ಗೋಡೆ ದಾಟಿದರೆ ಗಡಿಯ ತಂತಿ. ಫಾದರ್ ಲೂಯಿ ಫಾವ್ರ್ ಮತ್ತು ಅವರ ಜೊತೆಯವರು ಇಂಥ ಜನರನ್ನು ತೋಟಕ್ಕೆ ಕರೆತರುತ್ತಿದ್ದರು. ಬ್ರದರ್ ರೇಮೊಂ ಬೊಕಾರ್ ಮೇಲಿನ ಕಿಟಕಿಯಿಂದ ಗಸ್ತಿನವರನ್ನು ನೋಡುತ್ತಿದ್ದರು. ಅವರು ದೂರ ಸರಿದ ಮೇಲೆ ಟೋಪಿಯ ಸನ್ನೆ. ಆಗ ಏಣಿ ಹತ್ತಿ ಗೋಡೆ ಹಾರಬೇಕು.

ಅಮ್ಮನ ಜೇಬಿನಲ್ಲಿ ಎರಡು ಸಕ್ಕರೆ ಗಡ್ಡೆ ಇದ್ದವು. 'ಜೆ1' ಕೂಪನ್ನಿನಲ್ಲಿ ತಿಂಗಳ ಹಿಂದೆ ತಂದು ಉಳಿಸಿದ್ದು. ಒಂದನ್ನು ತಮ್ಮನ ಬಾಯಿಗಿಟ್ಟು, "ಇದು ಕರಗುವವರೆಗೆ ಮಾತಾಡಬಾರದು ಕಂದ" ಅಂದರು. ಕಿಟಕಿಯಲ್ಲಿ ಟೋಪಿ ಅಲ್ಲಾಡಿತು. ತಂತಿಯ ಕೆಳಗೆ ನುಸುಳಿ ಆಚೆ ನಿಂತಾಗ ಅದು ಇನ್ನೂ ಕರಗಿರಲಿಲ್ಲ.

ಆಮೇಲೆ

ಸ್ವಿಸ್ ಗಡಿ ಕಾವಲಿನವರು ಹತ್ತೇ ನಿಮಿಷದಲ್ಲಿ ಹಿಡಿದರು. ಜಿನೀವಾದ ಠಾಣೆಯಲ್ಲಿ ಮೊದಲ ಪ್ರಶ್ನೆ ಮಗುವಿನ ವಯಸ್ಸು. ಅಮ್ಮ ಕತ್ತರಿ ಕೇಳಿ ಕೋಟಿನ ಅಸ್ತರು ಬಿಚ್ಚಿದರು. ಐದು ವರ್ಷ, ಹನ್ನೊಂದು ತಿಂಗಳು ಮತ್ತು ಕೆಲವು ದಿನ. ಆ ದಿನಗಳಲ್ಲಿ ಎಷ್ಟೋ ಮಂದಿ ಮಕ್ಕಳ ವಯಸ್ಸನ್ನು ಸುಳ್ಳು ಹೇಳುತ್ತಿದ್ದರು, ಬೇರೆಯವರ ಮಕ್ಕಳನ್ನು ತಮ್ಮವೆನ್ನುತ್ತಿದ್ದರು. ಅವರನ್ನು ತಪ್ಪಿತಸ್ಥರು ಅನ್ನಲು ನನಗೆ ಮನಸ್ಸು ಬಾರದು. ಇವರ ಕೈಯಲ್ಲಿ ಕಾಗದವಿತ್ತು. ಅಧಿಕಾರಿ ಮೂರು ಸಲ ಓದಿ ಬರೆದುಕೊಂಡರು. ಸೂಪ್ ಮತ್ತು ಆಲೂಗಡ್ಡೆ ಬಂತು. ಅಕ್ಕ ಚಮಚ ಮುಟ್ಟದೆ, ಇದಕ್ಕೆ ಎಷ್ಟು ಕೂಪನ್ ಅಂತ ಕೇಳಿದಳು.

ಸ್ವಿಟ್ಜರ್ಲೆಂಡ್‌ನಲ್ಲೂ ರೇಷನ್ ಇತ್ತು. ಬ್ರೆಡ್ ದಿನಕ್ಕೆ 225 ಗ್ರಾಂ, ಅದೂ ಒಂದು ದಿನವಾದರೂ ಹಳತಾಗಿರಬೇಕು. ಬಿಸಿ ಬ್ರೆಡ್ ಆದರೆ ಜನ ಜಾಸ್ತಿ ತಿನ್ನುತ್ತಾರೆ ಅಂತ. ಆಲೂಗಡ್ಡೆ, ತರಕಾರಿಗೆ ಮಾತ್ರ ಕೂಪನ್ ಬೇಕಿರಲಿಲ್ಲ. ಹೊಟ್ಟೆ ತುಂಬುತ್ತಿತ್ತು. ಆದರೆ ಮನೆ ಒಡೆಯಿತು. ಅಪ್ಪನನ್ನು ಕೆಲಸದ ಶಿಬಿರಕ್ಕೆ, ಅಮ್ಮನನ್ನು ನಿರಾಶ್ರಿತರ ವಸತಿಗೆ ಕಳಿಸಿದರು. ಆರು ದಾಟಿದ ಮಕ್ಕಳನ್ನು ಸಾಮಾನ್ಯವಾಗಿ ಸ್ವಿಸ್ ಕುಟುಂಬಗಳಲ್ಲಿ ಇರಿಸುತ್ತಿದ್ದರು. ಅಕ್ಕ ಹೋದಳು. ಬೇಸಿಗೆಯಲ್ಲಿ ತಮ್ಮನೂ ಹೋದ. ಮನೆಯವರನ್ನೆಲ್ಲ ಒಳಗೆ ಸೇರಿಸಿದ ಆರರ ಲೆಕ್ಕವೇ ಕೆಲವು ವಾರಗಳ ನಂತರ ಅವನನ್ನು ಅಮ್ಮನ ಮಡಿಲಿನಿಂದ ಬಿಡಿಸಿತು.

ನಾಲ್ವರೂ ಬದುಕಿದರು. ಯುದ್ಧದ ವರ್ಷಗಳಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಸುಮಾರು 21,000 ಯಹೂದಿಗಳಿಗೆ ನೆಲೆ ಸಿಕ್ಕಿತು. ಗಡಿಯಿಂದ ಹಿಂದೆ ಕಳಿಸಲ್ಪಟ್ಟವರೂ ಸಾವಿರಾರು. ಫಾದರ್ ಫಾವ್ರ್ ಅವರನ್ನು 1944ರ ಫೆಬ್ರವರಿಯಲ್ಲಿ ಹಿಡಿದು ಜುಲೈನಲ್ಲಿ ಗುಂಡಿಕ್ಕಿ ಕೊಂದರು.

ಈ ಪ್ರಕರಣದಲ್ಲಿ ಗಮನಿಸಬೇಕಾದ್ದು

ನಿರಾಶ್ರಿತರ ಜೊತೆ ಕೆಲಸ ಮಾಡುವವರು, ಪಡಿತರ ಪಟ್ಟಿ ಮಾಡುವವರು ಇದನ್ನು ಓದಿದರೆ ಒಂದು ವಿಷಯ ಕಣ್ಣಿಗೆ ಬೀಳಲಿ ಅಂತ ನನ್ನ ಆಸೆ. ರೇಷನ್ ಪಟ್ಟಿ ಮಾಡಿದ್ದು ಯಾರನ್ನೂ ಹಿಡಿಯಲಿಕ್ಕಲ್ಲ. ಇದ್ದಷ್ಟು ಬ್ರೆಡ್ಡನ್ನು ಎಲ್ಲರಿಗೂ ಹಂಚಲಿಕ್ಕೆ. ಉದ್ದೇಶ ಒಳ್ಳೆಯದೇ. ಆದರೆ ಒಮ್ಮೆ ಪಟ್ಟಿ ಆದಮೇಲೆ ಅದರ ಮೇಲೆ ಠಸ್ಸೆ ಒತ್ತಲು ಒಂದು ಕಾನೂನು ಸಾಕಾಯಿತು. ಹಸಿದವರು ಪಟ್ಟಿಯಿಂದ ಹೊರಗಿರಲು ಆಗುವುದಿಲ್ಲ. ಅದಕ್ಕೇ ಅದರಲ್ಲಿ ಏನೇನು ಬರೆಯುತ್ತೇವೆ, ಯಾರ ಕೈಗೆ ಸಿಗುವಂತೆ ಇಡುತ್ತೇವೆ ಅನ್ನುವುದು ಅಕ್ಕಿಯಷ್ಟೇ, ಬ್ರೆಡ್ಡಿನಷ್ಟೇ ಮುಖ್ಯ.

ಇನ್ನೊಂದು, ತಿರುವು ಕೊಟ್ಟವರು ಯಾರು ನೋಡಿ. ಕೂಪನ್ ಮುಂಗಡ ಕೊಟ್ಟ ಗುಮಾಸ್ತೆ, ಬುತ್ತಿಯ ಲೆಕ್ಕ ಹೇಳಿದ ಅಡುಗೆಯವನು, ಬ್ರೆಡ್ ತೂಗುತ್ತಾ ಒಂದು ಮಾತು ಅಂದ ಅಂಗಡಿಯಾಕೆ. ಊಟ ಹಂಚುವ ಜಾಗದಲ್ಲಿ ಇದ್ದವರಿಗೆ ಎಲ್ಲರಿಗಿಂತ ಮೊದಲು ಸುದ್ದಿ ಗೊತ್ತಾಗುತ್ತಿತ್ತು. ಅವರಲ್ಲಿ ಯಾರೊಬ್ಬರು ಸುಮ್ನೆ ಇದ್ದುಬಿಟ್ಟಿದ್ದರೂ ಈ ಪ್ರಕರಣ ಅಲ್ಲಿಗೇ ಮುಗಿಯುತ್ತಿತ್ತು.

ಅಪ್ಪ ಅಮ್ಮನ ಭಿನ್ನಾಭಿಪ್ರಾಯವನ್ನೂ ಗಮನಿಸಬೇಕು. ಹೆಸರು ಬರೆಸುವಾಗ ಅಪ್ಪನ ಮಾತು ನಡೆಯಿತು, ಕಾರ್ಡ್ ಸುಡುವಾಗ ಅಮ್ಮನದು. ಜನವರಿಯಲ್ಲಿ ಕಾದದ್ದು ಅಪ್ಪನ ಮಾತಿಗೆ, ಜನನಪತ್ರ ಉಳಿದದ್ದು ಅಮ್ಮನ ಹಟಕ್ಕೆ. ಮುಂದೆ ನಿಂತು ನೋಡಿದಾಗ ಯಾರು ಸರಿ ಅಂತ ಹೇಳಲು ಆಗದ ತೀರ್ಮಾನಗಳವು. ಒಬ್ಬರು ಸೋತ ವಾದವನ್ನು ಇನ್ನೊಬ್ಬರು ಮತ್ತೆ ಎತ್ತಿ ಚುಚ್ಚಲಿಲ್ಲ. ಮುಂದಿನ ತೀರ್ಮಾನಕ್ಕೆ ಜಾಗ ಉಳಿದದ್ದು ಅದರಿಂದ.

1945ರಲ್ಲಿ ಅವರು ಆಂಟ್‌ವರ್ಪ್‌ಗೆ ಮರಳಿದರು. ಬೆಲ್ಜಿಯಂನಲ್ಲಿ ಆಗಲೂ ರೇಷನ್ ಇತ್ತು. ಅಮ್ಮ ಮಕ್ಕಳನ್ನು ಕರೆದುಕೊಂಡು ಕಚೇರಿಯ ಕ್ಯೂನಲ್ಲಿ ನಿಂತರು. ಸರದಿ ಬಂತು. ಗುಮಾಸ್ತ ಹೆಸರು ಕೇಳಿದ. ಅಮ್ಮ ಅರ್ಜಿಯನ್ನು ಕೈಯಲ್ಲೇ ಹಿಡಿದು, "ಇದನ್ನು ಎಲ್ಲಿ ಇಡುತ್ತೀರಿ?" ಅಂತ ಕೇಳಿದರು. ಅವನಿಗೆ ಅರ್ಥವಾಗಲಿಲ್ಲ. ಹಿಂದಿದ್ದ ಡ್ರಾಯರ್ ತೋರಿಸಿದ. ಅಮ್ಮ ಅದನ್ನು ಎಳೆದು ತೋರಿಸಲು ಹೇಳಿದರು. ಒಳಗೆ ಎಲ್ಲರ ಅರ್ಜಿಗಳೂ ಒಂದೇ ಸಾಲಿನಲ್ಲಿದ್ದವು, ಬೇರೆ ಗುರುತು ಇರಲಿಲ್ಲ. ಆಮೇಲೆ ತಮ್ಮ ಹೆಸರು ಹೇಳಿದರು.